ಶಟರ್, ಟೀ, ಮೇನ್ ಸ್ವಿಚ್: ಪೀಣ್ಯದ ಸಣ್ಣ ಶೆಡ್‌ನಲ್ಲಿ ದಿನಚರಿ ಕಟ್ಟಿಕೊಂಡ ಬಗೆ

ಪೀಣ್ಯ ಎರಡನೇ ಹಂತದಲ್ಲಿ ನನ್ನದೊಂದು ಸಣ್ಣ ಮಷಿನ್ ಶಾಪ್ ಇದೆ. ಕಂಪ್ಯೂಟರ್ ಹೇಳಿದಂತೆ ಲೋಹ ಕಡೆಯುವ ಎರಡು ಸಿಎನ್‌ಸಿ ಟರ್ನಿಂಗ್ ಮಷಿನ್, ಒಂದು ಹಳೇ ಲೇತ್, ಒಂದು ಡ್ರಿಲ್ಲಿಂಗ್ ಮಷಿನ್. ದೊಡ್ಡ ಕಂಪನಿಗಳು ಬಾರ್ (ಲೋಹದ ಸರಳು) ಕಳಿಸುತ್ತವೆ, ನಾವು ಡ್ರಾಯಿಂಗ್ ನೋಡಿಕೊಂಡು ಬುಶ್, ಪಿನ್, ಸಣ್ಣ ಶಾಫ್ಟ್ ಮಾಡಿ ಕೊಡುತ್ತೇವೆ. ರಾಜಾಜಿನಗರದ ಜಿಟಿಟಿಸಿಯಲ್ಲಿ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಡಿಪ್ಲೊಮಾ ಮುಗಿಸಿ, ಬೇರೆಯವರ ಟೂಲ್ ರೂಮಿನಲ್ಲಿ ಹಲವು ವರ್ಷ ದುಡಿದು, ಆಮೇಲೆ ಸ್ವಂತಕ್ಕೆ ಇಳಿದವನು ನಾನು. ಹೊಸದಾಗಿ ಶೆಡ್ ಹಿಡಿದ ಹುಡುಗರು ಬಂದರೆ ಕೇಳುವ ಮೊದಲ ಪ್ರಶ್ನೆ, "ಅಣ್ಣಾ, ಆರ್ಡರ್ ಹೇಗೆ ಹಿಡಿಯೋದು?" ಆರ್ಡರ್ ಬರುತ್ತೆ. ಆದರೆ ಬಂದ ಆರ್ಡರ್ ಕೈಯಲ್ಲಿ ಉಳಿಯಬೇಕಾದರೆ ದಿನಾ ತಪ್ಪದೆ ಮಾಡುವ ಕೆಲವು ಕೆಲಸಗಳು ಇರಲೇಬೇಕು. ಅವನ್ನು ನಾನು ಹೇಗೆ ನಿಲ್ಲಿಸಿಕೊಂಡೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನೌಕರಿಯಲ್ಲಿ ಶಿಸ್ತು ಹೊರಗಿನಿಂದ ಬರುತ್ತದೆ. ಪಂಚಿಂಗ್ ಇದೆ, ಸೈರನ್ ಇದೆ, ಸೂಪರ್‌ವೈಸರ್ ಇದ್ದಾರೆ. ಸ್ವಂತ ಶೆಡ್‌ನಲ್ಲಿ ಕೇಳುವವರು ಯಾರೂ ಇಲ್ಲ, ಜೊತೆಗೆ ಒಂದು ದಿನದ ಹಾಗೆ ಇನ್ನೊಂದು ದಿನ ಇರುವುದಿಲ್ಲ. ಇವತ್ತು ಆಪರೇಟರ್ ಊರಿಗೆ ಹೋಗಿರುತ್ತಾನೆ, ನಾಳೆ ಕರೆಂಟ್ ಇರುವುದಿಲ್ಲ, ನಾಡಿದ್ದು ಮಾಲು ಅರ್ಜೆಂಟ್ ಅಂತ ಟೆಂಪೊ ಬಂದು ಬಾಗಿಲಲ್ಲಿ ನಿಂತಿರುತ್ತದೆ. ಹೀಗಿರುವಾಗ "ಬೆಳಿಗ್ಗೆ ಒಂಬತ್ತಕ್ಕೆ ಇದು, ಹತ್ತಕ್ಕೆ ಅದು" ಎಂದು ಗಡಿಯಾರ ನೋಡಿ ಹಾಕಿದ ವೇಳಾಪಟ್ಟಿ ನಿಲ್ಲುವುದಿಲ್ಲ. ಗೊರಗುಂಟೆಪಾಳ್ಯದ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಒಂಬತ್ತು ಗಂಟೆ ಅಲ್ಲೇ ಮುಗಿದುಹೋಗುತ್ತದೆ.

ಹಾಗಾಗಿ ನಾನು ಗಡಿಯಾರ ಬಿಟ್ಟು, ಏನೇ ಆದರೂ ಶೆಡ್‌ನಲ್ಲಿ ನಡೆದೇ ನಡೆಯುವ ಮೂರು ಸಂಗತಿಗಳನ್ನು ಹಿಡಿದುಕೊಂಡೆ. ಶಟರ್ ಎತ್ತುವುದು, ಟೀ ಬರುವುದು, ಮೇನ್ ಸ್ವಿಚ್ ಆಫ್ ಮಾಡುವುದು. ಎಂಟಕ್ಕೆ ಎತ್ತಲಿ, ಹತ್ತಕ್ಕೆ ಎತ್ತಲಿ, ಶಟರ್ ಎತ್ತದೆ ದಿನ ಶುರುವಾಗುವುದಿಲ್ಲ. ಮಾಡಲೇಬೇಕಾದ ಕೆಲಸಗಳನ್ನು ಈ ಮೂರಕ್ಕೆ ಗಂಟು ಹಾಕಿದೆ.

ಬೆಳಗಿನದು ಹೀಗೆ. ಶಟರ್ ಎತ್ತಿ, ದೇವರ ಫೋಟೊಗೆ ಊದುಬತ್ತಿ ಹಚ್ಚಿ, ಮಷಿನ್ ಆನ್ ಮಾಡಿ ಸ್ಪಿಂಡಲ್‌ಗೆ (ಪೀಸ್ ಹಿಡಿದು ತಿರುಗುವ ಭಾಗ) ವಾರ್ಮ್‌ಅಪ್ ಪ್ರೋಗ್ರಾಂ ಹಾಕುತ್ತೇವೆ. ಅದು ಸುಮಾರು ಹದಿನೈದು ನಿಮಿಷ ಖಾಲಿ ತಿರುಗುತ್ತದೆ. ಆ ಹೊತ್ತು ಅಳತೆಯ ಉಪಕರಣಗಳಿಗೆ ಮೀಸಲು. ಮೈಕ್ರೋಮೀಟರ್‌ನ ಎರಡು ಮುಖಗಳ ನಡುವೆ ಒಂದು ತುಂಡು ಶುಭ್ರ ಕಾಗದ ಇಟ್ಟು, ಮೆಲ್ಲಗೆ ಮುಚ್ಚಿ, ಕಾಗದವನ್ನು ಎಳೆದರೆ ಕಣ್ಣಿಗೆ ಕಾಣದ ಎಣ್ಣೆ, ದೂಳು ಅದಕ್ಕೆ ಅಂಟಿ ಬರುತ್ತದೆ. ಆಮೇಲೆ ರ್ಯಾಚೆಟ್ ಟಿಕ್ ಟಿಕ್ ಅನ್ನುವವರೆಗೆ ತಿರುಗಿಸಿ ಸೊನ್ನೆ ಸರಿಯಾಗಿ ಕೂತಿದೆಯಾ ನೋಡಬೇಕು. 25ರಿಂದ 50 ಮಿ.ಮೀ. ಅಳೆಯುವ ಮೈಕ್ರೋಮೀಟರ್ ಆದರೆ ಅದರ ಜೊತೆ ಬರುವ 25 ಮಿ.ಮೀ. ಸೆಟ್ಟಿಂಗ್ ರಾಡ್ ಇಟ್ಟು ನೋಡಬೇಕು. ನಮ್ಮ ಆಪರೇಟರ್ ಗದಗ ಕಡೆಯವನು. "ಸರ, ಒಂದ್ ಗೆರಿ ಆಚೆ ಐತ್ರಿ" ಅಂತ ಕೂಗುತ್ತಾನೆ. ಒಂದು ಗೆರೆ ಅಂದರೆ 10 ಮೈಕ್ರಾನ್, ಮಿಲಿಮೀಟರಿನ ನೂರನೇ ಒಂದು ಭಾಗ. ಪುಟ್ಟ ಸ್ಪ್ಯಾನರ್‌ನಿಂದ ಸ್ಲೀವ್ ತಿರುಗಿಸಿ ಸರಿಮಾಡಲು ಒಂದು ನಿಮಿಷ ಸಾಕು. ಅದನ್ನು ಬಿಟ್ಟರೆ ಆ ದಿನ ಅಳೆದ ಒಂದೊಂದು ಪೀಸಿನಲ್ಲೂ ಆ 10 ಮೈಕ್ರಾನ್ ಕೂತಿರುತ್ತದೆ. ಗ್ರಾಹಕರ ಡ್ರಾಯಿಂಗ್‌ನಲ್ಲಿ ಬಿಟ್ಟಿರುವ ಅವಕಾಶವೇ 20 ಮೈಕ್ರಾನ್ ಇದ್ದರೆ ಅದರಲ್ಲಿ ಅರ್ಧ ಬೆಳಿಗ್ಗೆಯೇ ಹೋಯಿತು.

ವಾರ್ಮ್‌ಅಪ್ ಬೇಕಾ ಎಂದು ಕೇಳುವವರಿದ್ದಾರೆ. ಉಕ್ಕು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಒಂದು ಮೀಟರ್ ಉದ್ದಕ್ಕೆ ಸುಮಾರು 12 ಮೈಕ್ರಾನ್ ಹಿಗ್ಗುತ್ತದೆ. ಅಂದರೆ 50 ಮಿ.ಮೀ. ವ್ಯಾಸದ ಬುಶ್ 10 ಡಿಗ್ರಿ ಬಿಸಿಯಾದರೆ 6 ಮೈಕ್ರಾನ್. ಮಷಿನ್‌ನ ಸ್ಪಿಂಡಲ್, ಬಾಲ್ ಸ್ಕ್ರೂ ಎಲ್ಲಾ ಉಕ್ಕಿನದ್ದೇ. ಡಿಸೆಂಬರ್ ಚಳಿಯಲ್ಲಿ ತಣ್ಣಗಿರುವ ಮಷಿನ್‌ನಲ್ಲಿ ಮೊದಲ ಪೀಸ್ ತೆಗೆದು, ಮಧ್ಯಾಹ್ನದ ಪೀಸ್ ಜೊತೆ ಹೋಲಿಸಿ ನೋಡಿದರೆ ವ್ಯತ್ಯಾಸ ಅಳತೆಯಲ್ಲೇ ಸಿಗುತ್ತದೆ.

ಅದೇ ಹದಿನೈದು ನಿಮಿಷದಲ್ಲಿ ಕೂಲೆಂಟ್ (ಲೋಹ ಕಡೆಯುವಾಗ ತಂಪಿಗೆ ಹರಿಸುವ ಎಣ್ಣೆ ಬೆರೆಸಿದ ನೀರು) ಕೂಡ ನೋಡುತ್ತೇವೆ. ರಿಫ್ರ್ಯಾಕ್ಟೋಮೀಟರ್ ಮೇಲೆ ಒಂದು ಹನಿ ಹಾಕಿದರೆ ನೀರಿನಲ್ಲಿ ಎಣ್ಣೆ ಎಷ್ಟಿದೆ ಗೊತ್ತಾಗುತ್ತದೆ. ಏಪ್ರಿಲ್, ಮೇನಲ್ಲಿ ನೀರು ಆರಿ ಎಣ್ಣೆಯ ಪಾಲು ಹೆಚ್ಚಾಗುತ್ತದೆ. ಅಳೆಯದೆ ಬರೀ ನೀರು ಸುರಿಯುತ್ತಾ ಹೋದರೆ ತೀರಾ ತೆಳ್ಳಗಾಗಿ ಪೀಸ್ ತುಕ್ಕು ಹಿಡಿಯುತ್ತದೆ. ಸೋಮವಾರ ಬೆಳಿಗ್ಗೆ ಟ್ಯಾಂಕಿನಿಂದ ಕೊಳೆತ ಮೊಟ್ಟೆಯ ವಾಸನೆ ಬರುತ್ತದಲ್ಲ, ಅದಕ್ಕೆ ಮೇಲೆ ತೇಲುವ ಮಷಿನ್ ಆಯಿಲ್ ಕಾರಣ. ಭಾನುವಾರ ಪಂಪ್ ನಿಂತಿದ್ದಾಗ ಆ ಪದರ ಗಾಳಿ ಒಳಗೆ ಹೋಗದಂತೆ ತಡೆಯುತ್ತದೆ, ಗಾಳಿ ಬೇಡದ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಶನಿವಾರ ಸಂಜೆ ಆ ಎಣ್ಣೆ ತೆಗೆದುಬಿಟ್ಟರೆ ವಾಸನೆ ಬಹಳ ಮಟ್ಟಿಗೆ ಇಲ್ಲ.

ಎರಡನೆಯ ಗಂಟು ಟೀಗೆ. ಅಯ್ಯಂಗಾರ್ ಬೇಕರಿಯಿಂದ ಹುಡುಗ ಫ್ಲಾಸ್ಕ್ ತರುತ್ತಾನೆ. ಲೋಟ ಕೈಗೆ ಬಂತೆಂದರೆ ನಾನು ಎರಡು ಫೋನ್ ಮಾಡಬೇಕು. ಒಂದು ಬಾಕಿ ಹಣಕ್ಕೆ, ಇನ್ನೊಂದು ಹಳೆಯ ಗ್ರಾಹಕರಿಗೋ ಕೊಟೇಶನ್ ಕೊಟ್ಟು ಉತ್ತರ ಬಾರದವರಿಗೋ. ಬಾಕಿ ಕೇಳುವುದು ಯಾರಿಗೂ ಇಷ್ಟದ ಕೆಲಸ ಅಲ್ಲ, ಅದಕ್ಕೇ ಅದು ಮುಂದಕ್ಕೆ ಹೋಗುತ್ತಾ ಹೋಗುತ್ತದೆ. ದಿನಕ್ಕೆ ಒಂದೇ ಫೋನ್ ಅಂದಾಗ ಸಲೀಸಾಯಿತು. "ದುಡ್ಡು ಯಾವಾಗ ಕೊಡ್ತೀರಿ" ಎಂದು ನಾನು ಕೇಳುವುದಿಲ್ಲ. "ಮೇಡಂ, ನಮಸ್ಕಾರ. ಐದನೇ ತಾರೀಖಿನ ಬಿಲ್ ನಿಮ್ಮಲ್ಲಿ ಎಂಟ್ರಿ ಆಗಿದೆಯಾ ನೋಡ್ತೀರಾ?" ಅಷ್ಟೇ. ಎಷ್ಟೋ ಸಲ ಉತ್ತರ ಹೀಗಿರುತ್ತದೆ: "ಜಿಆರ್‌ಎನ್ ಆಗಿಲ್ಲ ಸರ್, ಕ್ವಾಲಿಟಿಯವರು ಸೈನ್ ಹಾಕಿಲ್ಲ." ಜಿಆರ್‌ಎನ್ ಅಂದರೆ ಮಾಲು ಸ್ವೀಕರಿಸಿದ ದಾಖಲೆ. ಅದು ಆಗಿಲ್ಲ ಅಂದರೆ ನಮ್ಮ ಮಾಲು ಅವರ ಗೋಡೌನಿನಲ್ಲಿದೆ, ಆದರೆ ಲೆಕ್ಕಕ್ಕೆ ಬಂದೇ ಇಲ್ಲ. ಮೊದಲ ವಾರದಲ್ಲೇ ಇದು ತಿಳಿದರೆ ಇನ್ಸ್‌ಪೆಕ್ಷನ್ ರಿಪೋರ್ಟ್ ಕಳಿಸಿ ಸರಿಮಾಡಬಹುದು. ನಲವತ್ತನೇ ದಿನ ತಿಳಿದರೆ ಅಲ್ಲಿಂದ ಲೆಕ್ಕ ಮತ್ತೆ ಹೊಸದಾಗಿ ಶುರು.

ಇದರ ಹಿಂದೆ ಕಾನೂನಿನ ಬಲವೂ ಇದೆ, ಸಣ್ಣ ಉದ್ಯಮದವರು ತಿಳಿದಿರಬೇಕು. 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಒಪ್ಪಂದ ಏನೇ ಇದ್ದರೂ 45 ದಿನದೊಳಗೆ ಹಣ ಕೊಡಬೇಕು. ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕ್‌ನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. 2024ರ ಏಪ್ರಿಲ್ 1ರಿಂದ ಆದಾಯ ತೆರಿಗೆಯಲ್ಲೂ ಬದಲಾವಣೆ ಬಂತು, ಅವಧಿ ಮೀರಿ ಉಳಿಸಿಕೊಂಡ ಬಾಕಿಯನ್ನು ಕೊಳ್ಳುವ ಕಂಪನಿ ತಾನು ಹಣ ಕೊಟ್ಟ ವರ್ಷದಲ್ಲಷ್ಟೇ ಖರ್ಚು ಎಂದು ತೋರಿಸಬಹುದು. ಅದಕ್ಕೇ ನಾನು ಪ್ರತಿ ಇನ್‌ವಾಯ್ಸ್ ಮೇಲೂ ನಮ್ಮ ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ನೋಂದಣಿ) ಸಂಖ್ಯೆ ಹಾಕಿಸುತ್ತೇನೆ. ಬಾಯಲ್ಲಿ ಕಾಯ್ದೆ ಹೇಳಬೇಕಾಗಿಲ್ಲ, ಅಕೌಂಟ್ಸ್‌ನವರಿಗೆ ಅರ್ಥವಾಗುತ್ತದೆ.

21 ದಿನ ಮಾಡಿದರೆ ಯಾವುದೇ ಅಭ್ಯಾಸ ಕೂತುಬಿಡುತ್ತದೆ ಎಂಬ ಮಾತು ವಾಟ್ಸಾಪ್‌ನಲ್ಲಿ ಓಡಾಡುತ್ತದೆ. ಅದನ್ನು ನಂಬಿ, ಇಪ್ಪತ್ತೆರಡನೇ ದಿನ ಕಷ್ಟ ಅನಿಸಿದಾಗ ಕೈಬಿಟ್ಟವರನ್ನು ನೋಡಿದ್ದೇನೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರನ್ನು 12 ವಾರ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯೇ ಹೇಳುತ್ತದೆ. ಕೆಲಸ ತಾನಾಗಿಯೇ ಆಗುವ ಮಟ್ಟಕ್ಕೆ ಬರಲು ಕೆಲವರಿಗೆ 18 ದಿನ ಸಾಕಾದರೆ ಕೆಲವರಿಗೆ ಅಂದಾಜು 254 ದಿನ. ನಡುವಿನ ಅಂಕಿ 66. ನನಗೆ ಅದರಲ್ಲಿ ತುಂಬಾ ಹಿಡಿಸಿದ್ದು ಇನ್ನೊಂದು ಅಂಶ, ನಡುವೆ ಒಂದು ದಿನ ತಪ್ಪಿದರೆ ಅಂಥ ಹೇಳಿಕೊಳ್ಳುವ ನಷ್ಟವೇನೂ ಆಗಲಿಲ್ಲ. ಒಂದು ದಿನ ತಪ್ಪಿತೆಂದು ಎಲ್ಲಾ ಹೋಯಿತು ಅಂದುಕೊಳ್ಳುವವರಿಗೆ ಇದು ದೊಡ್ಡ ಸಮಾಧಾನ.

ಆದರೂ ತಪ್ಪದಿರಲು ಒಂದು ಉಪಾಯ ಮಾಡಿಕೊಂಡಿದ್ದೇನೆ. ಪ್ರತಿ ಕೆಲಸಕ್ಕೂ ಡಿಸ್ಪ್ಯಾಚ್ ದಿನದ ಅಳತೆ ಅಂತ ಒಂದಿದೆ, ಅಂದರೆ ಮಾಲು ಕಳಿಸುವ ಗಡಿಬಿಡಿಯಲ್ಲೂ ಬಿಡದೆ ಮಾಡುವಷ್ಟು. ಬೆಳಿಗ್ಗೆ ಮೈಕ್ರೋಮೀಟರ್ ಸೊನ್ನೆ ಮಾತ್ರ. ಟೀ ಹೊತ್ತಿಗೆ ಒಂದೇ ಫೋನ್. ಸಂಜೆ ಪುಸ್ತಕದಲ್ಲಿ ಮೂರು ಸಾಲು. ಟೆಂಪೊ ಹಾರ್ನ್ ಹೊಡೆಯುತ್ತಿದ್ದರೂ ಇಷ್ಟು ಮಾಡಬಹುದು. ಆಯುಧಪೂಜೆ, ಯುಗಾದಿಗೆ ಶೆಡ್ ಮುಚ್ಚಿ ಹುಡುಗರೆಲ್ಲ ಊರಿಗೆ ಹೋಗಿ ಬಂದ ಮೇಲೂ ಹೀಗೇ, ಮೊದಲ ದಿನ ಈ ಸಣ್ಣ ಅಳತೆಯಿಂದ ಶುರು ಮಾಡುತ್ತೇವೆ.  

ಸಂಜೆಯದ್ದು ನನ್ನ ಪಾಲಿಗೆ ಎಲ್ಲಕ್ಕಿಂತ ಮುಖ್ಯ. ರಾತ್ರಿ ಪಾಳಿ ಇಲ್ಲದ ದಿನ ಮೇನ್ ಸ್ವಿಚ್ ಆಫ್ ಮಾಡುವ ಮೊದಲು, ಇದ್ದ ದಿನ ಹಳೇ ಲೇತ್‌ನ ಸ್ವಿಚ್ ತೆಗೆಯುವ ಮೊದಲು, ಪುಸ್ತಕ ತೆಗೆಯುತ್ತೇನೆ. ಯಾವ ಚಲನ್‌ನಲ್ಲಿ ಎಷ್ಟು ಕಿಲೊ ಬಾರ್ ಬಂತು, ಎಷ್ಟು ಪೀಸ್ ಹೋಯಿತು, ಎಷ್ಟು ರಿಜೆಕ್ಟ್, ಹಣ ಎಷ್ಟು ಬಂತು, ಎಷ್ಟು ಹೋಯಿತು. ಜಾಬ್ ವರ್ಕ್ ಮಾಲು ನಮ್ಮದಲ್ಲ, ಗ್ರಾಹಕರದ್ದು. ಜಿಎಸ್‌ಟಿ ಪ್ರಕಾರ ಅದು ಒಂದು ವರ್ಷದೊಳಗೆ ಅವರಿಗೆ ವಾಪಸ್ ಹೋಗಬೇಕು, ಲೆಕ್ಕ ದಿನದಿನವೂ ಕೂತಿದ್ದರೆ ತಕರಾರಿಲ್ಲ. ತೆರಿಗೆ ಕೆಲಸ ನನ್ನ ಹೆಂಡತಿಯದು. ಪ್ರತಿ ತಿಂಗಳು 11ಕ್ಕೆ ನಮ್ಮ ಬಿಲ್‌ಗಳ ವಿವರ ಕೊಡುವ ಜಿಎಸ್‌ಟಿಆರ್-1, 14ಕ್ಕೆ ನಮ್ಮ ಖರೀದಿ ತೋರಿಸುವ 2ಬಿ ನೋಡಿ ಸಪ್ಲೈಯರ್ ಬಿಲ್ ಹಾಕಿದ್ದಾರಾ ತಾಳೆ, 20ಕ್ಕೆ ತೆರಿಗೆ ಕಟ್ಟುವ 3ಬಿ. "ಪುಸ್ತಕ ಒಂದು ತಂದುಕೊಡಿ ಸಾಕು, ನಿಮ್ಮನ್ನ ಏನೂ ಕೇಳಲ್ಲ" ಅನ್ನುತ್ತಾಳೆ. ಆ ಪುಸ್ತಕಕ್ಕಾಗಿ ಇನ್ನೊಬ್ಬರು ಕಾಯುತ್ತಿದ್ದಾರೆ ಅನ್ನುವುದೇ ನನ್ನನ್ನು ಬರೆಸುತ್ತದೆ.

ಪುಸ್ತಕ ಮುಚ್ಚಿದ ಮೇಲೆ ನಾಳೆಯ ಮೊದಲ ಕೆಲಸದ ಡ್ರಾಯಿಂಗ್, ಬೇಕಾದ ಇನ್ಸರ್ಟ್ (ಟೂಲ್‌ಗೆ ಕೂರಿಸುವ ಕತ್ತರಿಸುವ ಮೊನೆ), ಕತ್ತರಿಸಿದ ಬಾರ್, ಮೂರನ್ನೂ ಮಷಿನ್ ಪಕ್ಕದ ಟ್ರೇನಲ್ಲಿ ಇಟ್ಟು ಹೊರಡುತ್ತೇವೆ. ಬೆಳಿಗ್ಗೆ "ಇವತ್ತು ಏನು ಹಾಕೋಣ" ಎಂಬ ಮಾತೇ ಬರುವುದಿಲ್ಲ. ಹೊಸಬರು ಒಂದೇ ಒಂದನ್ನು ಹಿಡಿಯುವುದಾದರೆ ಈ ಟ್ರೇಯಿಂದ ಶುರು ಮಾಡಿ ಎನ್ನುತ್ತೇನೆ, ಅದಕ್ಕೆ ಖರ್ಚಿಲ್ಲ, ಫಲ ಮಾರನೇ ದಿನವೇ ಕಾಣುತ್ತದೆ.

ಈಗ ನಾಲ್ಕನೆಯ ಗಂಟೊಂದು ಹಾಕುತ್ತಿದ್ದೇನೆ. ಡೆಲಿವರಿ ಚಲನ್ ಹರಿಯುವಾಗ, ಅದರ ನಮ್ಮ ಪ್ರತಿಯ ಹಿಂದೆ ಎರಡು ಅಂಕಿ ಬರೆಯುವುದು: ಕೊಟೇಶನ್‌ನಲ್ಲಿ ಒಂದು ಪೀಸಿಗೆ ಎಷ್ಟು ನಿಮಿಷ ಹಾಕಿದ್ದೆವು, ನಿಜಕ್ಕೂ ಎಷ್ಟಾಯಿತು. ಸ್ಟೇನ್‌ಲೆಸ್ ಸ್ಟೀಲ್ ಕೆಲಸಗಳಲ್ಲಿ ಎರಡನೆಯದು ಪದೇಪದೇ ಮೇಲೆ ಹೋಗುತ್ತಿದೆ, ಇನ್ಸರ್ಟ್ ಬದಲಿಸುವ ಹೊತ್ತನ್ನು ನಾವು ಹಿಡಿದಿರುವುದಿಲ್ಲ. ಮುಂದಿನ ಕೊಟೇಶನ್‌ನಿಂದ ಅದನ್ನೂ ಸೇರಿಸಿ ದರ ಹೇಳುತ್ತೇನೆ.