ಅರದ ತುಂಡಿನ ಅಯಸ್ಕಾಂತ ಮರುದಿನವೇ ಸತ್ತುಹೋಗುತ್ತಿತ್ತು: ಸರಿಮಾಡಿದ್ದು ಹೀಗೆ

ಹಳೆಯ ದುಂಡು ಅರದ (ಲೋಹ ಉಜ್ಜುವ ಫೈಲ್) 8 ಸೆಂ.ಮೀ. ತುಂಡು, 6 ಮಿ.ಮೀ. ದಪ್ಪ. ಕರೆಂಟು ಹರಿಯುವ ತಂತಿಯ ಸುರುಳಿಯೊಳಗಿದ್ದಾಗ ಮೊಳೆಗಳನ್ನು ಗೊಂಚಲಾಗಿ ಎತ್ತುತ್ತಿತ್ತು, ಹೊರತೆಗೆದ ಮರುದಿನ ಗುಂಡುಸೂಜಿಯೂ ಅಂಟುತ್ತಿರಲಿಲ್ಲ.

ಸ್ಪೀಕರ್ ಅಯಸ್ಕಾಂತದಿಂದ ಒಂದೇ ದಿಕ್ಕಿಗೆ ನೂರು ಸಲ ಉಜ್ಜಿದರೂ ಅಷ್ಟೇ. ಸುತ್ತು ಹೆಚ್ಚಿಸಿದರೂ ಅಷ್ಟೇ. ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಇಲ್ಲದ ಟ್ರಾನ್ಸ್‌ಫಾರ್ಮರ್ ಅಂತೂ ಬೇಡವೇ ಬೇಡ. ದಿಕ್ಕು ಬದಲಿಸುತ್ತಲೇ ಇರುವ ಎಸಿ ಕರೆಂಟು ಇದ್ದ ಕಾಂತತ್ವವನ್ನೂ ಅಳಿಸಬಲ್ಲದು.

ತಪ್ಪು ಸುರುಳಿಯಲ್ಲಿರಲಿಲ್ಲ, ಉಕ್ಕಿನಲ್ಲಿತ್ತು. ಕತ್ತರಿಸಲು ಸುಲಭವಾಗಲೆಂದು ಅರವನ್ನು ಕಾಯಿಸಿ ಬೂದಿಯಲ್ಲಿ ಆರಿಸಿದ್ದರಿಂದ ಅದು ಮೆದುವಾಗಿತ್ತು. ಮೆದು ಉಕ್ಕು ಬೇಗ ಕಾಂತವಾಗುತ್ತದೆ, ಅಷ್ಟೇ ಬೇಗ ಬಿಟ್ಟುಕೊಡುತ್ತದೆ.

ಹಾಗಾಗಿ ಮೊದಲು ಗಡಸು ಮಾಡಬೇಕು. ಕುಲುಮೆಯಲ್ಲಿ ಕೆಂಪಗೆ ಕಾಯಿಸುತ್ತಾ, ತಂತಿಗೆ ಕಟ್ಟಿದ ಅಯಸ್ಕಾಂತವನ್ನು ಆಗಾಗ ಹತ್ತಿರ ಹಿಡಿಯಿರಿ. ಸುಮಾರು 770 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಎಳೆಯುವುದನ್ನು ನಿಲ್ಲಿಸುತ್ತದೆ. ಇನ್ನೊಂದು ಛಾಯೆ ಕಾಯಿಸಿ, ತಕ್ಷಣ ಉಗುರುಬೆಚ್ಚಗಿನ ನೀರಿಗೆ ನೆಟ್ಟಗೆ ಇಳಿಸಿ. ಓರೆಯಾಗಿ ಇಳಿಸಿದರೆ ಸೊಟ್ಟಗಾಗುತ್ತದೆ. ಹೊಸ ಅರ ಅದರ ಮೇಲೆ ಜಾರಿದರೆ ಗಡಸಾಗಿದೆ ಎಂದರ್ಥ. ಮತ್ತೆ ಕಾಯಿಸಬೇಡಿ.

ಆಮೇಲೆ ಸುರುಳಿ: 15 ಮಿ.ಮೀ. ಪ್ಲಾಸ್ಟಿಕ್ ಕೊಳವೆಯ ಮೇಲೆ 10 ಸೆಂ.ಮೀ. ಉದ್ದಕ್ಕೆ 22 ಗೇಜಿನ ಎನಾಮಲ್ ತಂತಿ, ಒಂದೇ ದಿಕ್ಕಿನಲ್ಲಿ 300 ಸುತ್ತು. ಪೂರ್ತಿ ಚಾರ್ಜಾದ 12 ವೋಲ್ಟ್ ಬ್ಯಾಟರಿಯಿಂದ ಸುಮಾರು 15 ಆಂಪಿಯರ್ ಹರಿಯುತ್ತದೆ. ತುಂಡನ್ನು ಒಳಗಿಟ್ಟು ತಲಾ ಎರಡು ಸೆಕೆಂಡಿನಂತೆ ಮೂರು ಸಲ ಕೊಟ್ಟರೆ ಸಾಕು, ಹೆಚ್ಚಾದರೆ ತಂತಿ ಸುಡುತ್ತದೆ. ಸಂಪರ್ಕ ಬಿಡಿಸುವಾಗ ಕಿಡಿ ಹಾರುವುದರಿಂದ ಸ್ವಿಚ್ಚು ಬ್ಯಾಟರಿಯಿಂದ ದೂರವಿರಲಿ.

ತುಂಡಿನ ತುದಿ ದಿಕ್ಸೂಚಿಯ ಒಂದು ತುದಿಯನ್ನು ಸೆಳೆಯುವುದು ಪರೀಕ್ಷೆಯಲ್ಲ, ಇನ್ನೊಂದನ್ನು ತಳ್ಳಲೇಬೇಕು. ಕೆಳಗೆ ಬೀಳಿಸಬೇಡಿ, ಗಾಜಿನಂತೆ ಮುರಿಯುತ್ತದೆ.