ನಾಲ್ಕು ಸಾವಿರ ವರ್ಷಕ್ಕೆ ಎಂಟು ಮೀಟರ್ ಹಗ್ಗ: ಶಾಲೆಯ ಜಗಲಿಯಲ್ಲಿ ಯೆಹೂದಿ ಹೆಸರುಗಳ ಕಾಲರೇಖೆ

ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಸಮಾಜ ವಿಜ್ಞಾನ ಕ್ಲಬ್ಬಿನವರು ಹೆಸರಾಂತ ಯೆಹೂದಿಗಳಂಥ ವಿಷಯ ಎತ್ತಿಕೊಂಡರೆ ಸಾಮಾನ್ಯವಾಗಿ ಆಗುವುದೇನು? ಚಾರ್ಟಿನ ಮೇಲೆ ಇಪ್ಪತ್ತು ಚಿತ್ರ ಅಂಟಿಸುತ್ತಾರೆ. ಮೋಶೆಯ ಪಕ್ಕದಲ್ಲಿ ಐನ್‌ಸ್ಟೈನ್, ಇಬ್ಬರೂ ಒಂದೇ ಬೆಂಚಿನವರ ಹಾಗೆ. ನಡುವಿನ ಮೂರು ಸಾವಿರ ವರ್ಷ ಕಾಣುವುದೇ ಇಲ್ಲ. ಅದನ್ನು ಕಾಣಿಸಬೇಕಾದರೆ ಹಗ್ಗ ಕಟ್ಟಬೇಕು.

ಅಳತೆ ಹೀಗಿರಲಿ: ಒಂದು ಸೆಂಟಿಮೀಟರಿಗೆ 5 ವರ್ಷ. ಕ್ರಿ.ಪೂ. 2000ರಿಂದ ಕ್ರಿ.ಶ. 2000ರವರೆಗೆ 8 ಮೀಟರ್ ಸಾಕು. ಗಂಟಿಗೆಂದು ಎರಡೂ ತುದಿಯಲ್ಲಿ 20 ಸೆಂ.ಮೀ. ಹೆಚ್ಚಿಗೆ ಬಿಡಿ. ಸುಲಭಕ್ಕೆ ಸಿಗುತ್ತದೆಂದು ತೆಂಗಿನ ನಾರಿನ ಹಗ್ಗ ತರಬೇಡಿ. ಅದು ತೇವಕ್ಕೆ ಒಂದು ಉದ್ದ, ಬಿಸಿಲಿಗೆ ಇನ್ನೊಂದು ಉದ್ದ, ಹಾಕಿದ ಗುರುತೆಲ್ಲ ಸರಿದುಹೋಗುತ್ತದೆ. ತೆಳು ನೈಲಾನ್ ಹಗ್ಗವೇ ಒಳ್ಳೆಯದು. ಅದನ್ನೂ ಮೊದಲು ಎಳೆದು ಕಟ್ಟಿ, ಆಮೇಲೆ ಗುರುತು ಹಾಕಿ. ಸಡಿಲಾಗಿದ್ದಾಗ ಗುರುತಿಸಿ ಆಮೇಲೆ ಬಿಗಿದರೆ ಮಧ್ಯಯುಗ ಕೈತಪ್ಪಿ ಬಲಕ್ಕೆ ಹೋಗುತ್ತದೆ.

ಗಂಟಿನ ಭಾಗ ಬಿಟ್ಟು ಎಡತುದಿಯಿಂದ 400 ಸೆಂ.ಮೀ.ಗೆ ಕೆಂಪು ಗುರುತು. ಅಲ್ಲಿಂದ ಎಡಕ್ಕೆ ಕ್ರಿ.ಪೂ., ಬಲಕ್ಕೆ ಕ್ರಿ.ಶ. ಇಸವಿಯನ್ನು 5ರಿಂದ ಭಾಗಿಸಿ, ಕ್ರಿ.ಪೂ. ಆದರೆ 400ರಿಂದ ಕಳೆಯಿರಿ, ಕ್ರಿ.ಶ. ಆದರೆ 400ಕ್ಕೆ ಕೂಡಿಸಿ. ಮಕ್ಕಳು ಎಡವುವುದು ಅಂತರ ಎಣಿಸುವಾಗ. ಜೆರುಸಲೇಮಿನ ಮೊದಲ ದೇವಾಲಯ ನಾಶವಾದದ್ದು ಕ್ರಿ.ಪೂ. 586, ಎರಡನೆಯದು ಕ್ರಿ.ಶ. 70. ಕೂಡಿಸಿದರೆ 656 ಬರುತ್ತದೆ, ಸರಿಯುತ್ತರ 655. ಸೊನ್ನೆ ಎಂಬ ಇಸವಿಯೇ ಇಲ್ಲದ್ದರಿಂದ ಒಂದು ಕಳೆಯಬೇಕು. ಹಗ್ಗದ ಮೇಲೆ ಈ ವ್ಯತ್ಯಾಸ ಕಾಣದು, ಬೋರ್ಡಿನ ಮೇಲೆ ಕಾಣುತ್ತದೆ.

ಚೀಟಿ 10 x 7 ಸೆಂ.ಮೀ. ಇರಲಿ. ಅದಕ್ಕೆ ಮೂರು ಬಣ್ಣ, ಮತ್ತು ಈ ಕೆಲಸದಲ್ಲಿ ನಿಜವಾಗಿ ಕಲಿಯುವುದಿರುವುದು ಇಲ್ಲೇ. ಧರ್ಮಗ್ರಂಥದಿಂದ ಮಾತ್ರ ಗೊತ್ತಿರುವವರಿಗೆ ಹಳದಿ: ಅಬ್ರಹಾಮ, ಮೋಶೆ, ಎಸ್ತೇರ್. ಬೇರೆಯವರ ಶಾಸನದಲ್ಲೋ ಬರಹದಲ್ಲೋ ಹೆಸರು ಸಿಕ್ಕವರಿಗೆ ಬಿಳಿ. ದಾವೀದನಿಗೆ ಬಿಳಿ ಕೊಡಬಹುದು, ಏಕೆಂದರೆ 1993ರಲ್ಲಿ ತೆಲ್ ದಾನ್ ಎಂಬಲ್ಲಿ ಸಿಕ್ಕ ಕ್ರಿ.ಪೂ. ಒಂಬತ್ತನೆಯ ಶತಮಾನದ ಕಲ್ಲಿನಲ್ಲಿ ‘ದಾವೀದನ ಮನೆತನ’ ಎಂಬ ಮಾತಿದೆ. ಯೆಹೂದ ರಾಜ್ಯದ ಹಿಜ್ಕೀಯ ರಾಜನಿಗೂ ಬಿಳಿಯೇ. ಅವನನ್ನು ಪಂಜರದ ಹಕ್ಕಿಯಂತೆ ಕೂಡಿಹಾಕಿದೆನೆಂದು ಅಸ್ಸೀರಿಯದ ದೊರೆ ಸೆನ್ನಾಖೆರೀಬ್ ಬರೆಸಿಟ್ಟಿದ್ದಾನೆ. ಸ್ವಂತ ಬರವಣಿಗೆ ಉಳಿದುಬಂದವರಿಗೆ ನೀಲಿ. ಅಬ್ರಹಾಮ, ಮೋಶೆಯರ ಚೀಟಿಯನ್ನು ಕ್ಲಿಪ್ಪಿನಿಂದ ಬಿಗಿಯಬೇಡಿ, ಪರದೆಯ ಬಳೆಗೆ ಕಟ್ಟಿ ಹಗ್ಗಕ್ಕೆ ತೂಗುಹಾಕಿ. ನಿಶ್ಚಿತ ಇಸವಿ ಇಲ್ಲದವರು ಆಚೀಚೆ ಜಾರಲಿ. ‘ಇಸ್ರಾಯೇಲ್’ ಎಂಬ ಹೆಸರು ಮೊದಲು ಕೆತ್ತಿ ಸಿಕ್ಕಿದ್ದು ಈಜಿಪ್ಟಿನ ಮೆರ್ನೆಪ್ತಾಹನ ಕಲ್ಲಿನಲ್ಲಿ, ಸುಮಾರು ಕ್ರಿ.ಪೂ. 1208. ಅದಕ್ಕೆ 158 ಸೆಂ.ಮೀ. ಹತ್ತಿರ ಬಿಗಿ ಕ್ಲಿಪ್ ಹಾಕಬಹುದು.

ಹೆಸರು ಬರೆಯುವಾಗ ಗಡಿನಾಡಿನ ಅನುಕೂಲ ಬಳಸಿಕೊಳ್ಳಿ. ಕನ್ನಡ ಬೈಬಲಿನ ಮೋಶೆ, ದಾವೀದ, ಸೊಲೊಮೋನರೇ ಪಕ್ಕದ ಬೆಂಚಿನ ಮುಸ್ಲಿಂ ಮಕ್ಕಳಿಗೆ ಗೊತ್ತಿರುವ ಮೂಸಾ, ದಾವೂದ್, ಸುಲೈಮಾನ್. ಎರಡೂ ರೂಪ ಬರೆಯಿರಿ, ಇಲ್ಲವಾದರೆ ಅರ್ಧ ತರಗತಿಗೆ ಇವರು ಅಪರಿಚಿತರೇ. ಅಬ್ರಹಾಮನಿಗೆ ‘ಯೆಹೂದಿ’ ಎಂದು ಬರೆದರೆ ತಪ್ಪು. ಆ ಪದ ಬಂದದ್ದು ಅವನ ಮರಿಮಗ ಯೆಹೂದನ ಹೆಸರಿನಿಂದ. ಅವನಿಗೆ ‘ಇಬ್ರಿಯ’ ಎನ್ನಿ. ಯೇಸು ಈ ಹಗ್ಗದಲ್ಲಿ ಬರುತ್ತಾನೆಯೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಹುಟ್ಟಿನಿಂದ ಯೆಹೂದಿ, ಬರುತ್ತಾನೆ.

600 ಸೆಂ.ಮೀ. ದಾಟಿದ ಮೇಲೆ ಹಗ್ಗ ನಮ್ಮ ಕಡಲಿಗೆ ಬರುತ್ತದೆ. ಕ್ರಿ.ಶ. 1000ದ ಆಸುಪಾಸಿಗೆ ಜೋಸೆಫ್ ರಬ್ಬಾನ್: ಚೇರ ದೊರೆ ಭಾಸ್ಕರ ರವಿವರ್ಮ ಇವನಿಗೆ ಕೊಟ್ಟ ತಾಮ್ರಪಟ ಕೊಚ್ಚಿಯ ಯೆಹೂದಿಗಳ ಬಳಿ ಉಳಿಯಿತು. 626ರಿಂದ 630 ಸೆಂ.ಮೀ.ಯೊಳಗೆ ಅಬ್ರಹಾಂ ಬೆನ್ ಯಿಜು. ಟುನೀಶಿಯದ ಮಹ್ದಿಯಾದ ಈ ವರ್ತಕ 1132ರ ಹೊತ್ತಿಗೆ ಮಂಗಳೂರಿನಲ್ಲಿದ್ದ, 1149ರಲ್ಲಿ ಹೊರಟುಹೋದ. ಕಂಚಿನ ಕಾರ್ಖಾನೆ ಇಟ್ಟಿದ್ದ. ಮೆಣಸು, ಕಬ್ಬಿಣ, ಅಡಿಕೆ ಅರಬ್ ತೀರದ ಏಡನ್ ಬಂದರಿಗೆ ಕಳಿಸುತ್ತಿದ್ದ. ಅಶು ಎಂಬ ದಾಸಿಯನ್ನು 1132ರಲ್ಲಿ ಬಿಡುಗಡೆ ಮಾಡಿದ ಪತ್ರವೂ, ಬೊಮ್ಮ ಎಂಬ ಆಳಿನ ಹೆಸರಿರುವ ಕಾಗದಗಳೂ ಕೈರೋದ ಬೆನ್ ಎಜ್ರಾ ಸಿನಗಾಗಿನ (ಯೆಹೂದಿ ಪ್ರಾರ್ಥನಾಲಯ) ಹಳೆ ಕಾಗದದ ಕೋಣೆಯಲ್ಲಿ ಸಿಕ್ಕವು. ನೀಲಿ ಚೀಟಿ, ಜತೆಗೊಂದು ಗೋಟಡಿಕೆ ದಾರಕ್ಕೆ ಕಟ್ಟಿ. ಆ ಕಾಗದಗಳ ‘ಮಂಜರೂರು’ ನಮ್ಮ ಮಂಜೇಶ್ವರವೆಂದು ಹಿಗ್ಗಬೇಡಿ, ಅದು ಕುಡ್ಲವೇ, ಅಂದರೆ ಮಂಗಳೂರೇ.

ಅದೇ ಜಾಗಕ್ಕೆ ಕವಿ ಯೆಹೂದಾ ಹಲೇವಿ, ವೈದ್ಯ-ತತ್ವಜ್ಞಾನಿ ಮೈಮೊನಿಡೀಸ್ (1138–1204; ಇವರೂ ಒಬ್ಬ ಮೂಸಾ) ಬಂದು ಕೂರುವುದರಿಂದ ಚೀಟಿ ಒಂದರ ಮೇಲೊಂದು ಬೀಳುತ್ತದೆ. 10, 25, 40 ಸೆಂ.ಮೀ. ದಾರದಲ್ಲಿ ಏರುಪೇರಾಗಿ ಇಳಿಬಿಡಿ. ಮೈಮೊನಿಡೀಸರ ಚೀಟಿಯಲ್ಲಿ ಒಂದು ಸಾಲು ಸೇರಿಸಿ: ಇಂಡಿಯಾ ವ್ಯಾಪಾರಕ್ಕೆ ಹೊರಟ ತಮ್ಮ ದಾವೀದ ಹಿಂದೂ ಮಹಾಸಾಗರದಲ್ಲಿ ಮುಳುಗಿಹೋದ.

ದಾರ ಎಷ್ಟು ಏರುಪೇರು ಮಾಡಿದರೂ 1800ರ ನಂತರ ನಡೆಯುವುದಿಲ್ಲ. ಇನ್ನೂರು ವರ್ಷಕ್ಕೆ 40 ಸೆಂ.ಮೀ., ಹೆಸರುಗಳೋ ಸಂತೆ. ಕೆಳಗೆ 2 ಮೀಟರಿನ ಬೇರೆ ಹಗ್ಗ ಕಟ್ಟಿ, ಇಲ್ಲಿ ಸೆಂಟಿಮೀಟರಿಗೆ ಒಂದು ವರ್ಷ. ಚೀಟಿಯ ಬದಲು ಆಯುಷ್ಯದಷ್ಟೇ ಉದ್ದದ ರಿಬ್ಬನ್ ಅಡ್ಡಕ್ಕೆ ಪಿನ್ ಮಾಡಿ. ಮನೋವಿಶ್ಲೇಷಣೆಯ ಫ್ರಾಯ್ಡ್ 83 ಸೆಂ.ಮೀ., ಐನ್‌ಸ್ಟೈನ್ 76, ಗಣಿತಜ್ಞೆ ಎಮ್ಮಿ ನೋಥರ್ 53, ಯೆಹೂದಿಗಳಿಗೆ ಸ್ವಂತ ದೇಶ ಬೇಕೆಂದ ಹರ್ಜಲ್ 44. ನಾಜಿಗಳಿಂದ ಅಡಗಿ ಡೈರಿ ಬರೆದ ಆನ್ ಫ್ರಾಂಕ್ 15. ಒಡೆಸ್ಸಾದಲ್ಲಿ ಹುಟ್ಟಿದ ಹಾಫ್‌ಕಿನ್ 70. 1897ರಲ್ಲಿ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆಯನ್ನು ಮೊದಲು ತನ್ನ ಮೈಗೇ ಚುಚ್ಚಿಕೊಂಡವನು. ಆಕಾಶವಾಣಿಯ ಬೆಳಗಿನ ರಾಗ ಕಟ್ಟಿದನೆಂದು ಹೆಸರಾದ ವಾಲ್ಟರ್ ಕಾಫ್‌ಮನ್ 77. ಮುಂಬಯಿಯ ಬೆನೆ ಇಸ್ರೇಲ್ (ಕೊಂಕಣದ ಯೆಹೂದಿ ಸಮುದಾಯ) ಕವಿ ನಿಸ್ಸಿಂ ಎಜಕಿಯೆಲ್ 1924ರಿಂದ 2004, ಹಾಗಾಗಿ ರಿಬ್ಬನಿನ 4 ಸೆಂ.ಮೀ. ತುದಿಯಾಚೆ ತೂಗುತ್ತದೆ, ತೂಗಲಿ.

ಜಗಳ ಬರುವುದು ಯಾರನ್ನು ಸೇರಿಸಬೇಕೆಂಬಲ್ಲಿ. ಮಾರ್ಕ್ಸ್‌ಗೆ ಆರನೆಯ ವಯಸ್ಸಿನಲ್ಲಿ, ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಡಿಸ್ರೇಲಿಗೆ ಹನ್ನೆರಡರಲ್ಲಿ ಕ್ರೈಸ್ತ ದೀಕ್ಷೆಯಾಯಿತು. ತತ್ವಜ್ಞಾನಿ ಸ್ಪಿನೋಜನನ್ನು 1656ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಯೆಹೂದಿ ಸಮುದಾಯವೇ ಹೊರಹಾಕಿತು. ಇಂಥವರನ್ನು ಬಿಡಬೇಡಿ. ಮೇಲಿನ ಹಗ್ಗದಲ್ಲಾದರೆ ಚೀಟಿಯ, ಕೆಳಗಿನದರಲ್ಲಾದರೆ ರಿಬ್ಬನಿನ ಒಂದು ಮೂಲೆ ಕತ್ತರಿಸಿ, ಕಾರಣ ಒಂದು ಸಾಲಿನಲ್ಲಿ ಬರೆಯಿರಿ. ಬಿಡಬೇಕಾದದ್ದು ವಾಟ್ಸಾಪ್ ಪಟ್ಟಿಯ ಚಾರ್ಲಿ ಚಾಪ್ಲಿನ್‌ನಂಥವರನ್ನು. ಅವನನ್ನು ಯೆಹೂದಿ ಎಂದು ಸಾರಿದ್ದು ನಾಜಿಗಳ ಪ್ರಚಾರ.

ಅಂಟಿಸಲು ಮೈದಾ ಗೋಂದು ಬೇಡ, ಜಿರಳೆ ಒಂದೇ ವಾರದಲ್ಲಿ ಪ್ರವಾದಿಗಳನ್ನು ಮುಗಿಸುತ್ತದೆ. ಜೂನ್ ಮಳೆಗೆ ಮೊದಲು ಎರಡೂ ಹಗ್ಗ ಬಿಚ್ಚಿ, ಬಲತುದಿಯಿಂದ ಪಿ.ವಿ.ಸಿ. ಕೊಳವೆಗೆ ಸುತ್ತಿಡಿ. ಮುಂದಿನ ವರ್ಷ ಬಿಚ್ಚುವಾಗ ಅಬ್ರಹಾಮನೇ ಮೊದಲು ಕೈಗೆ ಸಿಗುತ್ತಾನೆ.