ಬ್ರಿಟನ್ನಿನಲ್ಲಿ ಸಾಕಿದ ಗಿಳಿ ಹಾರಿಹೋದರೆ ಯಾರಿಗೆ ಹೇಳಬೇಕು, ಎಲ್ಲಿ ಹುಡುಕಬೇಕು?

ಇಲ್ಲಿನ ಕಿಟಕಿಗೆ ಸರಳೂ ಇರುವುದಿಲ್ಲ, ಜಾಲರಿಯೂ ಇರುವುದಿಲ್ಲ. ಜೂನ್ ತಿಂಗಳಲ್ಲಿ ನಾಲ್ಕು ದಿನ ಬಿಸಿಲು ಬಿದ್ದರೆ ಸಾಕು, ಇಡೀ ಬೀದಿಯ ಕಿಟಕಿಗಳು ತೆರೆದುಕೊಳ್ಳುತ್ತವೆ. ನಮ್ಮ ಗಿಳಿ ಹೋಗಿದ್ದೂ ಹಾಗೇ. ಒಣಗಿದ ಬಟ್ಟೆಯ ಬುಟ್ಟಿ ಹಿಡಿದು ಹಿತ್ತಲ ಬಾಗಿಲು ತೆರೆದೆ, ಕಿವಿಯ ಪಕ್ಕ ಬುರ್ ಅಂತ ಸದ್ದಾಯಿತು, ಅಷ್ಟೇ. ತಿರುಗಿ ನೋಡುವಷ್ಟರಲ್ಲಿ ಬೇಲಿಯಾಚೆಯ ಸಿಕಮೋರ್ ಮರದ ತುದಿಯಲ್ಲಿ ಒಂದು ನೀಲಿ ಚುಕ್ಕೆ.

ಗಾಬರಿಯಲ್ಲಿ ಮೊದಲು ಕೌನ್ಸಿಲ್‌ಗೆ, ಅಂದರೆ ಇಲ್ಲಿನ ನಗರಸಭೆಗೆ, ಫೋನ್ ಮಾಡಿದೆ. "ನಾಯಿನಾ?" ಅಂದರು. ಅಲ್ಲ, ಗಿಳಿ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ತುಂಬಾ ಮರ್ಯಾದೆಯಿಂದ, ಅದು ನಮ್ಮ ಕೆಲಸ ಅಲ್ಲ ಅಂದರು. ಅವರು ಹೇಳಿದ್ದು ಸರಿಯೇ. ಬೀದಿಗೆ ಬಂದ ನಾಯಿಯ ಜವಾಬ್ದಾರಿ ಇಲ್ಲಿ ಕೌನ್ಸಿಲ್‌ನದು. ಇಂಗ್ಲೆಂಡ್, ವೇಲ್ಸ್‌ನಲ್ಲಿ 2008ರ ಏಪ್ರಿಲ್‌ವರೆಗೆ ಅದರಲ್ಲಿ ಪೊಲೀಸರಿಗೂ ಪಾಲಿತ್ತು, ಈಗ ಇಲ್ಲ. ಹಕ್ಕಿಗೆ ಮಾತ್ರ ಇಂಥ ಇಲಾಖೆ ಯಾವುದೂ ಇಲ್ಲ. ಇದನ್ನು ಮೊದಲೇ ತಿಳಿದುಕೊಂಡರೆ ಫೋನಿನಲ್ಲಿ ಕಳೆಯುವ ಎರಡು ಗಂಟೆ ಉಳಿಯುತ್ತದೆ. ಆ ಎರಡು ಗಂಟೆಯೇ ಮುಖ್ಯ, ಹಕ್ಕಿ ಇನ್ನೂ ಹತ್ತಿರದಲ್ಲೇ ಇರುತ್ತದೆ.

ಹಾಗಾದರೆ ಆರ್‌ಎಸ್‌ಪಿಸಿಎ? 1824ರಲ್ಲಿ ಹುಟ್ಟಿದ ಪ್ರಾಣಿದಯಾ ಸಂಸ್ಥೆ, ಇಲ್ಲಿ ಹೆಸರು ಎಲ್ಲರಿಗೂ ಗೊತ್ತು. ಆದರೆ ಅದು ಸರ್ಕಾರಿ ಇಲಾಖೆ ಅಲ್ಲ, ದಾನದ ಹಣದಲ್ಲಿ ನಡೆಯುವ ಸಂಸ್ಥೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಮಾತ್ರ. ಸ್ಕಾಟ್ಲೆಂಡಿನಲ್ಲಿ ಸ್ಕಾಟಿಷ್ ಎಸ್‌ಪಿಸಿಎ, ಉತ್ತರ ಐರ್ಲೆಂಡಿನಲ್ಲಿ ಯುಎಸ್‌ಪಿಸಿಎ ಇವೆ. ಆರೋಗ್ಯವಾಗಿ ಮರದ ಮೇಲೆ ಕೂತಿರುವ ಗಿಳಿಯನ್ನು ಇಳಿಸಲು ಅವರು ಬರುತ್ತಾರೆ ಅಂದುಕೊಳ್ಳಬೇಡಿ. ರೆಕ್ಕೆಗೆ ಗಾಯವಾಗಿದ್ದರೆ, ಕಾಲು ದಾರಕ್ಕೆ ಸಿಕ್ಕಿ ನೇತಾಡುತ್ತಿದ್ದರೆ ಆಗ 0300 1234 999ಕ್ಕೆ ಫೋನ್ ಮಾಡಿ. ಅಗ್ನಿಶಾಮಕ ದಳ ಬೇಕೇ ಬೇಕು ಅನ್ನಿಸಿದರೆ ಅವರೇ ಕರೆಯುತ್ತಾರೆ. ನೀವಾಗಿ ತುರ್ತು ಸಂಖ್ಯೆ 999 ಒತ್ತಬೇಡಿ.

ಮರದ ಮೇಲಿರುವಾಗ

ಗಿಳಿ ಮೇಲೆ ಕೂತು ನಿಮ್ಮನ್ನೇ ನೋಡುತ್ತಿರುತ್ತದೆ. ಕರೆದರೆ ಉತ್ತರವನ್ನೂ ಕೊಡುತ್ತದೆ. ಆದರೂ ಬರುವುದಿಲ್ಲ. ಹಟ ಅಂದುಕೊಂಡಿದ್ದೆ, ಹಟ ಅಲ್ಲ. ಮನೆಯೊಳಗೆ ಬೆಳೆದ ಹಕ್ಕಿಗೆ ಎತ್ತರದಿಂದ ಕೆಳಕ್ಕೆ ಇಳಿಯುವುದು ಗೊತ್ತಿರುವುದಿಲ್ಲ. ಸೋಫಾದಿಂದ ಪರದೆಗೆ ಹಾರಿದಷ್ಟೇ ಅದರ ಅನುಭವ. ಅದಕ್ಕೇ ಸಿಕಮೋರ್ ಮರದ ಬುಡದಲ್ಲಿ ನಿಂತು ಕರೆಯುವುದಕ್ಕಿಂತ, ಸ್ವಲ್ಪ ದೂರದಲ್ಲಿ ಅದಕ್ಕೆ ಕಾಣುವ ಹಾಗೆ ಪಂಜರ ಇಡುವುದು ಮೇಲು. ದೂರವಿದ್ದಷ್ಟೂ ಇಳಿಜಾರು ಕಡಿಮೆ, ಹಕ್ಕಿಗೆ ಧೈರ್ಯ ಜಾಸ್ತಿ. ಪಂಜರದ ಬಾಗಿಲು ತೆರೆದಿಟ್ಟು, ಮೇಲೆ ನವಣೆ ತೆನೆ ಕಟ್ಟಿ. ಇನ್ನೊಂದು ಹಕ್ಕಿ ಇದ್ದರೆ ಅದನ್ನು ಬೇರೆ ಪಂಜರದಲ್ಲಿ ಭದ್ರವಾಗಿ ಮುಚ್ಚಿ ಪಕ್ಕದಲ್ಲಿಡಿ. ಅದರ ಕೂಗಿಗೆ ಇರುವ ಬೆಲೆ ನಮ್ಮ ಕೂಗಿಗೆ ಇಲ್ಲ.

ಏಣಿ ಹಾಕುವುದು, ಕೋಲು ಆಡಿಸುವುದು, ಪೈಪಿನಲ್ಲಿ ನೀರು ಹಾರಿಸುವುದು, ಇವೆಲ್ಲ ಪಕ್ಕದ ಮನೆಯ ಯಜಮಾನರು ಪ್ರೀತಿಯಿಂದ ಕೊಡುವ ಸಲಹೆಗಳು. ಬೇಡ ಅನ್ನಿ. ಒಮ್ಮೆ ಹೆದರಿ ಹಾರಿದರೆ ಮೂರು ಬೀದಿ ದಾಟುತ್ತದೆ. ಅದು ಹಾರಿದರೆ ಒಬ್ಬರು ದಿಕ್ಕು ನೋಡುತ್ತಾ ಓಡಬೇಕು, ಇನ್ನೊಬ್ಬರು ಪಂಜರದ ಹತ್ತಿರವೇ ಇರಬೇಕು.

ಕತ್ತಲಾದ ಮೇಲೆ ಗಿಳಿ ಸಾಮಾನ್ಯವಾಗಿ ಹಾರುವುದಿಲ್ಲ. ಸಂಜೆ ಕೊನೆಗೆ ಎಲ್ಲಿ ಕೂತಿತು ಅಂತ ನೋಡಿಕೊಂಡರೆ ಬೆಳಗಿನ ಕೆಲಸ ಅರ್ಧ ಮುಗಿದ ಹಾಗೆ. ಹಗಲಿನ ಲೆಕ್ಕ ಇಲ್ಲಿ ಬೇರೆ. ಡಿಸೆಂಬರಿನ ಲಂಡನ್ನಿನಲ್ಲಿ ನಾಲ್ಕು ಗಂಟೆಗೇ ಕತ್ತಲು, ಜೂನ್‌ನಲ್ಲಿ ರಾತ್ರಿ ಒಂಬತ್ತಾದರೂ ಬೆಳಕು, ಮತ್ತೆ ಬೆಳಿಗ್ಗೆ ನಾಲ್ಕೂಮುಕ್ಕಾಲಿಗೆ ಸೂರ್ಯ. ಆ ಹೊತ್ತಿಗೆ ಹಕ್ಕಿಗೆ ಹಸಿವಾಗಿರುತ್ತದೆ. ಮೇಲಂಗಿ ಹಾಕಿಕೊಂಡು, ಕೈಯಲ್ಲಿ ಪಂಜರ ಹಿಡಿದು ಬೀದಿಯಲ್ಲಿ ನಿಂತು ಕನ್ನಡದಲ್ಲಿ ಕೂಗಿದ್ದೇನೆ. ನಾಚಿಕೆ ಪಟ್ಟುಕೊಂಡರೆ ಕೆಲಸ ಆಗುವುದಿಲ್ಲ.

ಬೇರೆಯವರ ಹಿತ್ತಲಿಗೆ ಮಾತ್ರ ಕೇಳದೆ ಕಾಲಿಡಬೇಡಿ. ಬಾಗಿಲು ತಟ್ಟಿ ಹೇಳಿದರೆ ಹತ್ತರಲ್ಲಿ ಒಂಬತ್ತು ಜನ ತಾವೇ ಗೇಟು ತೆರೆಯುತ್ತಾರೆ. ರೈಲು ಹಳಿಯ ಬೇಲಿ ದಾಟುವುದು ಅಪರಾಧ, ಅದರ ಯೋಚನೆಯೇ ಬೇಡ. ಮರದ ಕೊಂಬೆ ಕಡಿಯುವ ಹಾಗೂ ಇಲ್ಲ. ಎಷ್ಟೋ ಮರಗಳ ಮೇಲೆ ಕೌನ್ಸಿಲ್‌ನ ರಕ್ಷಣಾ ಆದೇಶ ಇರುತ್ತದೆ. ಮರ ಹತ್ತುವ ಕೆಲಸ ಮಾಡುವ ಟ್ರೀ ಸರ್ಜನ್‌ಗಳಿದ್ದಾರೆ, ಹಕ್ಕಿ ನಿಜವಾಗಿ ಸಿಕ್ಕಿಹಾಕಿಕೊಂಡಿದ್ದರೆ ಅವರನ್ನು ಕೇಳಿ.

ಹಸಿರು ಗಿಳಿಯಾದರೆ ಇನ್ನೊಂದು ಕಷ್ಟ

ಭಾರತದಲ್ಲಿ ನಮ್ಮ ಹಸಿರು ಗಿಳಿಯನ್ನು ಮನೆಯಲ್ಲಿ ಸಾಕುವ ಹಾಗಿಲ್ಲ, 1972ರ ಕಾಯ್ದೆ ತಡೆಯುತ್ತದೆ. ಇಲ್ಲಿ ಅದೇ ಗಿಳಿಯನ್ನು ರಿಂಗ್‌ನೆಕ್ ಅಂತ ಅಂಗಡಿಯಲ್ಲೇ ಮಾರುತ್ತಾರೆ. ಹಿಂದೆ ಹೀಗೆ ಪಂಜರದಿಂದ ತಪ್ಪಿಸಿಕೊಂಡವುಗಳ ಮೊಮ್ಮಕ್ಕಳೇ ಈಗ ಲಂಡನ್ ಮತ್ತು ಅದರ ಸುತ್ತಲಿನ ರಿಚ್‌ಮಂಡ್ ಪಾರ್ಕ್, ಕ್ಯೂ ಗಾರ್ಡನ್ಸ್, ಕೆಂಟ್, ಸರ್ರೆ ತುಂಬಾ ಕಿರುಚಾಡಿಕೊಂಡು ಹಾರುತ್ತಿವೆ. ನಿಮ್ಮದು ಹಸಿರಾಗಿದ್ದರೆ ಆ ಗುಂಪಿನಲ್ಲಿ ಗುರುತಿಸುವುದು ಕಷ್ಟ. ಜನರೂ ಕಂಡಿದ್ದನ್ನೆಲ್ಲ ಫೋನ್ ಮಾಡಿ ಹೇಳುತ್ತಾರೆ. ಕಾಲಿನಲ್ಲಿ ರಿಂಗ್ ಇತ್ತಾ, ಮನುಷ್ಯರು ಹತ್ತಿರ ಹೋದರೂ ಕೂತೇ ಇತ್ತಾ, ಒಂದೇ ಇತ್ತಾ ಅಂತ ಕೇಳಿ.

ಬಲೆ ಒಡ್ಡುವ ಉಪಾಯ ಬೇಡವೇ ಬೇಡ. 1981ರ ವೈಲ್ಡ್‌ಲೈಫ್ ಅಂಡ್ ಕಂಟ್ರಿಸೈಡ್ ಆಕ್ಟ್ ಪ್ರಕಾರ ಅನುಮತಿ ಇಲ್ಲದೆ ಬಲೆ ಹಾಕಿ ಕಾಡು ಹಕ್ಕಿ ಹಿಡಿಯುವುದು ಅಪರಾಧ. ಇದೇ ಕಾಯ್ದೆಯ 9ನೇ ಪಟ್ಟಿಯಲ್ಲಿ ರಿಂಗ್‌ನೆಕ್ ಹೆಸರೂ ಇದೆ. ಅಂದರೆ ಅದನ್ನು ಬೇಕೆಂದು ಹೊರಗೆ ಬಿಡುವುದೂ, ತಪ್ಪಿಸಿಕೊಳ್ಳಲು ಬಿಡುವುದೂ ಅಪರಾಧ. ಇದನ್ನು ಓದಿ ಹೆದರಿ ಸುಮ್ನೆ ಕೂರಬೇಡಿ. ಸರಿಯಾದ ಎಚ್ಚರ ವಹಿಸಿದ್ದೆ ಅಂತ ತೋರಿಸುವವರಿಗೆ ಅದೇ ಕಾಯ್ದೆಯಲ್ಲಿ ರಕ್ಷಣೆ ಇದೆ. ಹಕ್ಕಿ ಕಳೆದಿದೆ ಅಂತ ಊರಿಗೆಲ್ಲ ಸಾರಿ ಹುಡುಕುವುದರಲ್ಲಿ ತಪ್ಪೇನಿಲ್ಲ.

ಪೋಸ್ಟರ್, ಮತ್ತು ಅದರಲ್ಲಿ ಕನ್ನಡ

ಬೀದಿ ದೀಪದ ಕಂಬಕ್ಕೆ ಪೋಸ್ಟರ್ ಅಂಟಿಸುವುದು ಎಲ್ಲರಿಗೂ ಮೊದಲು ಹೊಳೆಯುವುದು. ಇಂಗ್ಲೆಂಡಿನಲ್ಲಿ 1980ರ ಹೈವೇಸ್ ಆಕ್ಟ್ ಪ್ರಕಾರ ಅನುಮತಿ ಇಲ್ಲದೆ ಹಾಗೆ ಮಾಡುವಂತಿಲ್ಲ. ಕೆಲವು ಕೌನ್ಸಿಲ್‌ಗಳು ನೋಡಿಯೂ ನೋಡದ ಹಾಗಿರುತ್ತವೆ, ಕೆಲವು ಮರುದಿನವೇ ಕಿತ್ತು ಹಾಕುತ್ತವೆ. ಮೂಲೆ ಅಂಗಡಿ, ಪೋಸ್ಟ್ ಆಫೀಸು, ವೆಟ್ ಕ್ಲಿನಿಕ್, ಲೈಬ್ರರಿ, ಇವುಗಳ ಕಿಟಕಿ ಕೇಳಿದರೆ ಸಿಗುತ್ತದೆ. ಅಕ್ಕಪಕ್ಕದ ನಾಲ್ಕು ಬೀದಿಗೆ ಲೆಟರ್‌ಬಾಕ್ಸ್ ಮೂಲಕ ಚೀಟಿ ಹಾಕಿ. ಪೋಸ್ಟ್‌ಮನ್ ಮತ್ತು ಬೆಳಿಗ್ಗೆ ನಾಯಿ ಅಡ್ಡಾಡಿಸುವವರು, ಇವರಿಗಿಂತ ಒಳ್ಳೆಯ ಪತ್ತೇದಾರರು ಇಲ್ಲ. ಅವರ ಕೈಗೇ ಕೊಡಿ. ನೆರೆಹೊರೆಯವರ ನೆಕ್ಸ್ಟ್‌ಡೋರ್ ಆ್ಯಪ್, ಊರಿನ ಫೇಸ್‌ಬುಕ್ ಗುಂಪು, ಕಳೆದ ಸಾಕುಪ್ರಾಣಿಗಳ ಪೆಟ್ಸ್‌ಲೊಕೇಟೆಡ್ ತಾಣ, ಇವುಗಳಲ್ಲಿ ಹಾಕುವುದು ಅದೇ ಸಂಜೆ ಆಗಬೇಕು.

ಪೋಸ್ಟರಿನಲ್ಲಿ ಜಾತಿಯ ಹೆಸರು ದೊಡ್ಡದಾಗಿ ಬರೆಯುವುದರಿಂದ ಪ್ರಯೋಜನ ಕಡಿಮೆ. ಬಣ್ಣ, ಅಳತೆ, ಬಾಲದ ಉದ್ದ ಬರೆಯಿರಿ. ಮತ್ತೆ ನಮ್ಮವರು ಮರೆಯುವ ಒಂದು ವಿಷಯ: ನಿಮ್ಮ ಗಿಳಿ ಮಾತಾಡುವುದು ಕನ್ನಡ. ಇಂಗ್ಲಿಷ್‌ನವರ ಕಿವಿಗೆ ಅದು ಮಾತು ಅಂತಲೇ ಅನ್ನಿಸುವುದಿಲ್ಲ, ಏನೋ ಕಿಚಪಿಚ. ನಮ್ಮದು ಬಾಗಿಲ ಬೆಲ್ ಆದ ಕೂಡಲೇ "ಯಾರದು?" ಅನ್ನುತ್ತದೆ. ಮೊದಲ ಪೋಸ್ಟರಿನಲ್ಲಿ 'ಮಾತಾಡುತ್ತದೆ' ಅಂತಷ್ಟೇ ಹಾಕಿದ್ದೆ. ಎರಡನೆಯದರಲ್ಲಿ "ಯಾರದು" ಅನ್ನುವುದನ್ನು ಇಂಗ್ಲಿಷ್ ಅಕ್ಷರದಲ್ಲಿ ಬಿಡಿಸಿ ಬರೆದು, ಬೆಲ್ ಕೇಳಿದರೆ ಹೀಗನ್ನುತ್ತದೆ ಅಂತ ಸೇರಿಸಿದೆ. ಮೂರನೇ ದಿನ ಎರಡು ಬೀದಿ ಆಚೆಯಿಂದ ಒಬ್ಬರು ಅಜ್ಜಿ ಫೋನ್ ಮಾಡಿದರು. ಅವರ ಕನ್ಸರ್ವೇಟರಿಯ, ಅಂದರೆ ಮನೆಗೆ ಸೇರಿದ ಗಾಜಿನ ಕೋಣೆಯ, ಒಳಗೆ ನೀಲಿ ಹಕ್ಕಿ ಬಂದು ಕೂತಿದೆಯಂತೆ. ಪಾರ್ಸೆಲ್‌ನವನು ಬೆಲ್ ಒತ್ತಿದಾಗ ಅದು 'ಯಾ ರಾಡೂ' ಅಂದಿತಂತೆ. ಪೋಸ್ಟರಿನಲ್ಲಿರುವುದು ಇದೇನಾ ಅಂತ ಕೇಳಿದರು.

ನಿಮ್ಮದೇ ಅಂತ ತೋರಿಸುವುದು

ಎಲ್ಲರೂ ಆ ಅಜ್ಜಿಯ ಹಾಗಿರುವುದಿಲ್ಲ. ಸಿಕ್ಕಿದ ಹಕ್ಕಿ ತನ್ನದೇ ಅನ್ನುವವರೂ ಇದ್ದಾರೆ. ಸಾಕುಪ್ರಾಣಿ ಕದಿಯುವವರ ವಿರುದ್ಧ 2024ರಲ್ಲಿ ಬಂದ ಪೆಟ್ ಅಬ್ಡಕ್ಷನ್ ಆಕ್ಟ್ ಬಗ್ಗೆ ಕೇಳಿರಬಹುದು. ಅದು ನಾಯಿ, ಬೆಕ್ಕಿಗೆ ಮಾತ್ರ. ಹಕ್ಕಿಗೆ ಹಳೆಯ 1968ರ ಥೆಫ್ಟ್ ಆಕ್ಟೇ ಗತಿ. ಸಿಕ್ಕಿದ ವಸ್ತುವಿನ ಮಾಲೀಕರನ್ನು ಹುಡುಕುವ ಸಾಧಾರಣ ಪ್ರಯತ್ನವನ್ನೂ ಮಾಡದೆ, ಬೇಕೆಂದೇ ತನ್ನದಾಗಿಸಿಕೊಂಡರೆ ಇಂಗ್ಲೆಂಡ್, ವೇಲ್ಸ್‌ನಲ್ಲಿ ಅದು ಕಳ್ಳತನ ಆಗಬಹುದು. ಹಕ್ಕಿ ಇಂಥವರ ಹತ್ತಿರ ಇದೆ, ಕೊಡುತ್ತಿಲ್ಲ ಅಂತ ಗೊತ್ತಾದರೆ ತುರ್ತಲ್ಲದ ವಿಷಯಕ್ಕೆ ಇರುವ ಪೊಲೀಸ್ ಸಂಖ್ಯೆ 101ಕ್ಕೆ ಫೋನ್ ಮಾಡಿ. ಬರೀ ಹಾರಿಹೋಗಿದೆ ಅನ್ನುವುದಕ್ಕೆ ಪೊಲೀಸರು ಬರುವುದಿಲ್ಲ.

ಪೊಲೀಸರು ಮೊದಲು ಕೇಳುವುದು ಸಾಕ್ಷಿ. ಮರಿಯಾಗಿದ್ದಾಗಲೇ ಕಾಲಿಗೆ ಹಾಕುವ ಸಂದಿಲ್ಲದ ರಿಂಗ್ ದೊಡ್ಡದಾದ ಮೇಲೆ ಕಳಚುವುದಿಲ್ಲ. ಅದರ ನಂಬರಿನ ಫೋಟೋ ಈಗಲೇ ತೆಗೆದಿಡಿ. ಮೈಯೊಳಗೆ ಗುರುತಿನ ಮೈಕ್ರೋಚಿಪ್ ಹಾಕಿಸಿದರೆ 15 ಅಂಕಿಯ ನಂಬರ್ ಸಿಗುತ್ತದೆ. ಇಂಗ್ಲೆಂಡಿನಲ್ಲಿ ನಾಯಿಗೆ 2016ರಿಂದ, ಬೆಕ್ಕಿಗೆ 2024ರ ಜೂನ್‌ನಿಂದ ಚಿಪ್ ಕಡ್ಡಾಯ. ಸಾಮಾನ್ಯ ಸಾಕು ಹಕ್ಕಿಗೆ ಕಡ್ಡಾಯ ಇಲ್ಲ, ಆದರೂ ಹಾಕಿಸಿ. ಚಿಪ್ ಹಾಕಿಸಿ ಹಳೆಯ ಮನೆಯ ವಿಳಾಸ ಹಾಗೇ ಬಿಟ್ಟರೆ ಉಪಯೋಗವಿಲ್ಲ. ನಾವು ಬಾಡಿಗೆ ಮನೆ ಬದಲಿಸುವ ವೇಗಕ್ಕೆ ಇದೇ ಜಾಸ್ತಿ ಆಗುವ ತಪ್ಪು. ಆಫ್ರಿಕನ್ ಗ್ರೇ ಅನ್ನುವ ಬೂದು ಗಿಳಿ ಸಾಕಿದ್ದರೆ ಖರೀದಿಸುವಾಗ ಬಂದ ಆರ್ಟಿಕಲ್ 10 ಸರ್ಟಿಫಿಕೇಟ್, ಅಂದರೆ ಮಾರಾಟದ ಅನುಮತಿ ಪತ್ರ, ಎಲ್ಲಿದೆ ನೋಡಿ. 2017ರಿಂದ ಆ ಜಾತಿಗೆ ಅತಿ ಬಿಗಿಯಾದ ವ್ಯಾಪಾರ ನಿಯಮ ಇದೆ, ಗುರುತಿನ ನಂಬರ್ ಆ ಕಾಗದದಲ್ಲೇ ಇರುತ್ತದೆ. ಹಕ್ಕಿ ನಿಮ್ಮ ಜೊತೆ ಕನ್ನಡ ಮಾತಾಡುವ ಒಂದು ವಿಡಿಯೋನೂ ಇರಲಿ.

ರಿಂಗ್ ನಂಬರ್ ಮಾತ್ರ ಪೋಸ್ಟರಿನಲ್ಲಿ ಹಾಕಬೇಡಿ. ನಿಮ್ಮ ಹಕ್ಕಿ ನನ್ನ ಹತ್ತಿರ ಇದೆ, ಮೊದಲು ಹಣ ಕಳಿಸಿ ಅನ್ನುವ ಫೋನ್ ಬಂದೇ ಬರುತ್ತದೆ. ಆಗ ಕಾಲಿನ ರಿಂಗಿನಲ್ಲಿ ಏನು ಬರೆದಿದೆ ಅಂತ ಕೇಳಿ. ಸಾಮಾನ್ಯವಾಗಿ ಅಲ್ಲಿಗೇ ಫೋನ್ ಕಟ್ ಆಗುತ್ತದೆ.

ಸಿಕ್ಕಿದ ಮೇಲೆ ಎರಡು ದಿನ ಬೆಚ್ಚಗೆ, ಸದ್ದಿಲ್ಲದ ಕೋಣೆಯಲ್ಲಿಡಿ. ಹಕ್ಕಿ ನೋಡುವ ವೆಟ್‌ಗೆ ತೋರಿಸಿ, ಎಲ್ಲ ವೆಟ್‌ಗಳೂ ಗಿಳಿ ನೋಡುವುದಿಲ್ಲ, ಫೋನಿನಲ್ಲೇ ಕೇಳಿಕೊಂಡು ಹೋಗಿ. ಇನ್ನು ಮೇಲೆ ಹಿತ್ತಲಲ್ಲಿ ಗೂಡು ಕಟ್ಟಿಸಿ ಗಾಳಿಗೆ ಬಿಡುತ್ತೇನೆ ಅಂತಿದ್ದರೆ ನೆನಪಿಡಿ, 2024ರ ಅಕ್ಟೋಬರ್ 1ರಿಂದ ಇಂಗ್ಲೆಂಡ್, ವೇಲ್ಸ್‌ನಲ್ಲಿ ಒಂದೇ ಹಕ್ಕಿ ಇದ್ದರೂ ಸರ್ಕಾರದ ಪ್ರಾಣಿ ಮತ್ತು ಸಸ್ಯ ಆರೋಗ್ಯ ಸಂಸ್ಥೆ ಎಪಿಎಚ್‌ಎಯಲ್ಲಿ ನೋಂದಾಯಿಸಬೇಕು. ಪೂರ್ತಿ ಮನೆಯೊಳಗೇ ಇರುವ ಗಿಳಿಗೆ ಆ ತಾಪತ್ರಯ ಇಲ್ಲ. ಆಮೇಲೆ ಚಿಪ್ ದಾಖಲೆಯಲ್ಲಿ 'ಕಳೆದಿದೆ' ಅನ್ನುವುದನ್ನು ತೆಗೆಸಿ, ಅಂಗಡಿ ಕಿಟಕಿಗಳ ಪೋಸ್ಟರ್ ನೀವೇ ಹೋಗಿ ಕಿತ್ತು ತನ್ನಿ. ನಾನು ಒಂದನ್ನು ಮರೆತಿದ್ದೆ. ಎಂಟು ತಿಂಗಳಾದ ಮೇಲೂ ಯಾರೋ ಫೋನ್ ಮಾಡಿ, ಪಾರ್ಕಿನಲ್ಲಿ ಒಂದು ಹಸಿರು ಹಕ್ಕಿ ನೋಡಿದೆ, ನಿಮ್ಮದಾ ಅಂತ ಕೇಳಿದರು.